ಕಾರ್ಮುಗಿಲಿನ ಎಡಮಗ್ಗುಲು

“ಎಡಗಡೆಯಿಂದಾನೇ ಬರ್ಬೇಕು ಅಂತ ಅವನಿಗೆ ಹೇಳಿದೋರು ಯಾರು?”

ತಿಮ್ಮೇಶ್ ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಅಖಾಡದ ಪಕ್ಕ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಒಬ್ಬನೇ ನಿಂತು, ಎದುರಿಗೆ ಇನ್ನೂ ಕೆಳಗಿಳಿಯದ ಧೂಳಿಗೆ ಕೇಳಿದ. ಧೂಳು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಈ ಪ್ರಸಂಗ ಅಲ್ಲಿಗೇ ಮಂಗಳವಾಗುತ್ತಿತ್ತು. ಒಂದು ಮನೆಯ ಸೊಸೆ ಬಟ್ಟೆಯ ಬ್ಯಾಗು ಕಟ್ಟುವ ಕಾಲವೂ ಬರುತ್ತಿರಲಿಲ್ಲ.

ನಡೆದದ್ದು ಇಷ್ಟೆ. ದೀಪಾವಳಿ ಕಳೆದ ಮೇಲೆ ನಮ್ಮ ಹೊನ್ನಾಳಿ, ನ್ಯಾಮತಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೋಡಿಗೆ ಬಲೂನು ಸಿಕ್ಕಿಸಿ, ಜನ ಕಿಕ್ಕಿರಿದ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಬದಿಯಲ್ಲಿ ಕಾದು ನಿಂತ ಹುಡುಗರು ಮೈಮೇಲೆ ಬಿದ್ದು ಆ ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಆಚೆ ದಾಟಿದ ಹೋರಿಯೇ ಹೋರಿ. ಅದಕ್ಕೆ ಮನುಷ್ಯರಿಗಿಲ್ಲದ ಬಿರುದು, ಬ್ಯಾನರು, ಅಭಿಮಾನಿ ಬಳಗ. ನ್ಯಾಮತಿಯ ಚಿತ್ತಪ್ಪನ ಮನೆಯ ‘ಕಾರ್ಮುಗಿಲು’ ಅಂಥದ್ದು. ಮೈ ಆಷಾಢದ ಮೋಡ, ಕಣ್ಣು ಗರ್ಭಗುಡಿಯ ದೀಪ, ಗುಟುರು ಹಾಕಿದರೆ ಅಂಗಳದ ತಂಬಿಗೆ ತಾನಾಗಿ ಮಗುಚಿಕೊಳ್ಳಬೇಕು. ಅದರ ಕೊರಳಿಗೆ ಕೈ ಹಾಕಿದವರು ಉಂಟು. ಕೈಯಲ್ಲಿ ಕೊಬ್ಬರಿ ಹಿಡಿದು ಮೇಲೆದ್ದವರು ಇರಲಿಲ್ಲ.

ಆ ದಿನ ಹೊನ್ನಾಳಿ ಹತ್ತಿರದ ಅಖಾಡದಲ್ಲಿ ಶರಣು ಎಂಬ ಸಣಕಲು ಹುಡುಗ ಎಡಗಡೆಯಿಂದ, ಮದುವೆ ಊಟಕ್ಕೆ ಬಂದವನ ಹಾಗೆ ನಡೆದುಕೊಂಡು ಬಂದ. ಓಡಲಿಲ್ಲ, ಹಾರಲಿಲ್ಲ. ಕಾರ್ಮುಗಿಲು ನಿಂತಿತು. ಶರಣು ಕೊಬ್ಬರಿ ಸರವನ್ನು ಹರಿಯಲೂ ಇಲ್ಲ. ಗಂಟು ಹುಡುಕಿ, ಸಮಾಧಾನವಾಗಿ ಬಿಚ್ಚಿದ. ಅಷ್ಟು ಹೊತ್ತೂ ಹೋರಿ ಅವನ ಮೊಣಕೈ ನೆಕ್ಕುತ್ತಿತ್ತು.

ನೆಕ್ಕಿದ್ದು ಯಾಕೆಂದು ಚಿತ್ತಪ್ಪನ ಮನೆಯವರಿಗೆ ಮಾತ್ರ ಗೊತ್ತಿತ್ತು. ಹುಟ್ಟಿದಾಗಲೇ ತಾಯಿ ಕಳೆದುಕೊಂಡ ಆ ಕರುವನ್ನು ಚಿತ್ತಪ್ಪನ ತಾಯಿ ಗಾದ್ರಮ್ಮ ಕೈಯಾರೆ ಹಾಲು ಕುಡಿಸಿ ಬೆಳೆಸಿದ್ದಳು. ಕೊಟ್ಟಿಗೆಯಲ್ಲಿ ಅದರ ಬಲಕ್ಕೆ ಗೋಡೆ. ಅಜ್ಜಿ ಬರುತ್ತಿದ್ದದ್ದು ಎಡದಿಂದ. ಹೀಗಾಗಿ ಎಡಗಡೆಯಿಂದ ಮೆಲ್ಲಗೆ ನಡೆದು ಬಂದವರೆಲ್ಲ ಅದರ ಲೆಕ್ಕದಲ್ಲಿ ಗಾದ್ರಮ್ಮನೇ. ಅಖಾಡದಲ್ಲಿ ಮೆಲ್ಲಗೆ ನಡೆದು ಬರುವ ಹುಚ್ಚ ಯಾರೂ ಇಲ್ಲದ್ದರಿಂದ ಈ ಗುಟ್ಟು ಇಷ್ಟು ವರ್ಷ ಮನೆಯ ಹೊಸ್ತಿಲೊಳಗೆ ಸುಖವಾಗಿತ್ತು.

ತಿಮ್ಮೇಶ್ ಆ ಮನೆಯ ಅಳಿಯ, ಚಿತ್ತಪ್ಪನ ತಂಗಿ ಗಂಗೋತ್ರಿಯ ಗಂಡ. ನ್ಯಾಮತಿ ಬಸ್ ಸ್ಟ್ಯಾಂಡಿನ ಬಳಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ. ಅಂಗಡಿಯ ಹಲಗೆಯ ಮೇಲೆ ಊರಿನ ಅರ್ಧ ಮಿಕ್ಸಿಗಳು ಹೊಟ್ಟೆ ಬಿಚ್ಚಿಸಿಕೊಂಡು ಕೂತಿದ್ದವು, ಯಾಕೆಂದರೆ ತಿಮ್ಮೇಶನಿಗೆ ರಿಪೇರಿಗಿಂತ ದೊಡ್ಡ ಹೊಣೆಯೊಂದು ಇತ್ತು. ಪ್ರತಿ ಶನಿವಾರ ಸಂಜೆ ಊರಿನ ಸಮುದಾಯ ರೇಡಿಯೋದಲ್ಲಿ ‘ಅಖಾಡದ ಮಾತು’ ನಡೆಸಿಕೊಡುತ್ತಿದ್ದ. ಕಬಡ್ಡಿ, ಕುಸ್ತಿ, ಕ್ರಿಕೆಟ್ಟು, ಹೋರಿ, ಟಗರು, ಯಾವುದೇ ಆಗಲಿ ಅವನಿಗೊಂದು ಅಭಿಪ್ರಾಯ ಇತ್ತು, ಆ ಅಭಿಪ್ರಾಯಕ್ಕೆ ಎದುರು ಇರಲಿಲ್ಲ. ತಾನು ಆಡಿದ ಆಟವೆಂದರೆ ಚೌಕಾಬಾರ ಒಂದೇ. ಅದರಲ್ಲೂ ಹೆಂಡತಿಯ ಎದುರು ಸೋತದ್ದೇ ಹೆಚ್ಚು. ಕಾರ್ಮುಗಿಲನ್ನು ಹೊಗಳಿ ಗಂಟಲು ಹರಿದುಕೊಂಡಿದ್ದನೇ ಹೊರತು ಎಡಗಡೆಯಿಂದಲೂ ಅದರ ಹತ್ತಿರ ಹೋದವನಲ್ಲ.

ಯಾರು ಗೆಲ್ಲಲಿ, ಯಾರು ಸೋಲಲಿ, ಕಾರ್ಯಕ್ರಮದ ಕೊನೆಗೆ ಅವನದೊಂದು ಮಾತು ಖಾಯಂ: “ನಾನು ಮೊದಲೇ ಹೇಳಿದ್ದೆ.”

ಹೇಳಿದ್ದನೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಇಡೀ ತಾಲೂಕಿನಲ್ಲಿ ‘ಅಖಾಡದ ಮಾತು’ ಕಾರ್ಯಕ್ರಮವನ್ನು ಒಮ್ಮೆಯೂ ಕೇಳದ ಮನುಷ್ಯ ತಿಮ್ಮೇಶ್ ಒಬ್ಬನೇ. ಅದು ಬರುವ ಹೊತ್ತಿಗೆ ಪಾಪ, ಅವನು ಮಾತಾಡುತ್ತಿರುತ್ತಿದ್ದ.

ಸೋತ ವಾರದ ಶನಿವಾರ ಅವನು ಮೈಕಿನ ಮುಂದೆ ಕೂತದ್ದು ವ್ಯಾಸಪೀಠದ ಮುಂದೆ ಕೂತ ಹಾಗಿತ್ತು. ಗಾಜಿನ ಆಚೆ ರೇಡಿಯೋ ಕೇಂದ್ರದ ಸುಚಿತ್ರಾ ಕೈ ಎತ್ತಿ ಸನ್ನೆ ಮಾಡಿದಳು.

“ನಮಸ್ಕಾರ. ಅಖಾಡದ ಮಾತು. ನಾನು ತಿಮ್ಮೇಶ್. ನಂಗೆ ಗೊತ್ತಿರೋದು ನಾನು ಹೇಳ್ತೀನಿ, ನಿಮಗೆ ಗೊತ್ತಿಲ್ಲದ್ದು ನೀವು ಕೇಳ್ರಿ. ಮೊದಲನೇ ಕರೆ.”

“ಸಾರ್, ತ್ಯಾವಣಿಗೆಯಿಂದ ಅರುಣ್ ಕುಮಾರ್. ನಮ್ಮ ಹುಡುಗ್ರು ಕಬಡ್ಡಿ ಫೈನಲ್ ಗೆದ್ರು ಸಾರ್.”

“ಹೆಂಗೆ ಗೆದ್ರು ಅಂತ ಯೋಚನೆ ಮಾಡಿದೀರಾ?”

“ಆಡಿ ಗೆದ್ರು ಸಾರ್.”

“ಅದು ನೀವು ಅಂದ್ಕಂಡಿರೋದು. ಮುಂದಿನ ಕರೆ.”

ಮುಂದಿನ ಕರೆಗೆ ಮುಂಚೆ ಅವನು ಗಂಟಲು ಸರಿ ಮಾಡಿಕೊಂಡ. “ಈ ವಾರದ ವಿಷಯಕ್ಕೆ ಬರೋಣ. ಕಾರ್ಮುಗಿಲು ಸೋತಿಲ್ಲ. ಕಾರ್ಮುಗಿಲನ್ನ ಸೋಲ್ಸಿದಾರೆ. ಆ ಹುಡುಗ ಎಡಗಡೆಯಿಂದ ಬಂದ. ನಡ್ಕಂಡು ಬಂದ. ಇದು ಹೊರಗಿನೋರಿಗೆ ಗೊತ್ತಾಗಾಕೆ ಸಾಧ್ಯನೇ ಇಲ್ಲ. ಒಳಗಿನೋರು ಹೇಳಿದಾರೆ! ಆ ಮನೇಲಿ ಉಂಡೋರೇ ಹೇಳಿದಾರೆ! ನಾನು ಹೆಸರು ತೆಗೆಯಲ್ಲ. ಆ ಮನೆಗೆ ಹೊಸದಾಗಿ ಯಾವ ದಿಕ್ಕಿನ ಗಾಳಿ ಬೀಸ್ತಾ ಐತೆ, ಅಷ್ಟು ನೋಡ್ಕಳ್ರಿ ಸಾಕು.”

ಇಲ್ಲೊಂದು ಸತ್ಯ ಹೇಳಿಬಿಡಬೇಕು. ಈ ಮಾತು ಆಡುವಾಗ ತಿಮ್ಮೇಶನ ಮನಸ್ಸಿನಲ್ಲಿ ಯಾರೂ ಇರಲಿಲ್ಲ. ತಲೆಯ ಮೇಲೆ ಸ್ಟುಡಿಯೋದ ಫ್ಯಾನು ತಿರುಗುತ್ತಿತ್ತು, ಗಾಳಿ ಅನ್ನುವ ಪದ ಅಲ್ಲಿಂದ ಉದುರಿತು, ದಿಕ್ಕು ಅದರ ಹಿಂದೆ ತಾನಾಗಿ ಬಂತು. ವಾಕ್ಯ ಚೆನ್ನಾಗಿ ಕೂತಿತೆಂದು ಅವನಿಗೆ ಖುಷಿಯಾಯಿತು, ಅಷ್ಟೆ.

“ಸಾರ್, ನಾನು ಶರಣು ಮಾತಾಡೋದು,” ಎಂದಿತು ಮುಂದಿನ ಕರೆ. “ಕೊಬ್ಬರಿ ಬಿಚ್ಚಿದ ಶರಣು. ನಿಮ್ಮ ಪ್ರೋಗ್ರಾಂ ಒಂದೂ ಬಿಡಲ್ಲ ಸಾರ್. ನಿಮ್ಮಿಂದಾನೇ ನಾನು...”

“ಹೊಗಳಿಕೆ ಬ್ಯಾಡ. ಗುಟ್ಟು ಹೇಳಿದ್ದು ಯಾರು, ಅಷ್ಟು ಹೇಳಪ್ಪ.”

“ಅದನ್ನೇ ಹೇಳಾಕೆ ಫೋನ್ ಮಾಡಿದ್ದು ಸಾರ್. ನೀವೇ...”

“ನಾನೇ ಕಂಡು ಹಿಡೀಬೇಕಾ? ಹಿಡೀತೀನಿ! ನನ್ನ ಜೊತೆ ಆಟ ಆಡಬ್ಯಾಡ ತಮ್ಮಾ. ಮುಂದಿನ ಕರೆ!”

ಗಾಜಿನ ಆಚೆ ಸುಚಿತ್ರಾ ಒಂದು ಕ್ಷಣ ತಲೆ ಎತ್ತಿ ಅವನನ್ನೇ ನೋಡಿದಳು. ಆಮೇಲೆ ಮತ್ತೆ ತನ್ನ ಗುಂಡಿಗಳ ಕಡೆ ಬಾಗಿದಳು.

ಆ ಭಾನುವಾರದಿಂದ ನ್ಯಾಮತಿಗೆ ಅನುಮಾನದ ಗಾಳಿ ತಗುಲಿತು. ಒಳಗಿನವರು ಅಂದರೆ ಯಾರು ಎಂದು ಎಲ್ಲರೂ ಯೋಚಿಸಿದರು. ಯೋಚಿಸಿದಷ್ಟೂ ಎಲ್ಲರೂ ಯಾವುದಾದರೊಂದರ ಒಳಗಿನವರೇ ಎಂದು ಹೊಳೆಯಿತು. ಹೊನ್ನಾಳಿ ಬಸ್ಸಿನಲ್ಲಿ ಕಂಡಕ್ಟರು “ಎಲ್ಲಿಗೆ?” ಅಂದರೆ, ನ್ಯಾಮತಿಯ ಒಬ್ಬ ಹಿರಿಯರು “ಅದು ನಿಮಗ್ಯಾಕೆ ಬೇಕು?” ಎಂದು ತಿರುಗಿ ಕೇಳಿದರಂತೆ. ಪಶು ಆಸ್ಪತ್ರೆಯ ಡಾಕ್ಟರು ಎಮ್ಮೆಗೆ ಏನು ಹಾಕ್ತೀರಿ ಅಂತ ವಿಚಾರಿಸಿದ್ದಕ್ಕೆ ರೈತನೊಬ್ಬ ಎಮ್ಮೆಯ ಕಿವಿ ಮುಚ್ಚಿ “ಯಾರ ಪರವಾಗಿ ಕೇಳ್ತಿದೀರಿ?” ಅಂದ. ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ಮಾರುವ ಅಜ್ಜಮ್ಮನ ಹೋಟೆಲಿನಲ್ಲಿ ಗಿರಾಕಿಯೊಬ್ಬ ಬಾಯಿ ಚಪ್ಪರಿಸಿ, “ಚಟ್ನಿಗೆ ಏನು ಹಾಕಿದೀಯಜ್ಜಿ?” ಎಂದ. ಅಜ್ಜಮ್ಮ ಸೌಟು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಯಾರು ಕಳಿಸಿದ್ರು ನಿನ್ನ?”

“ಹೊಟ್ಟೆ ಕಳಿಸ್ತು ಕಣಜ್ಜಿ.”

“ಹೊಟ್ಟೆ ಯಾವೂರದು?”

ಇದರಿಂದೆಲ್ಲ ತಿಮ್ಮೇಶನ ಎದೆ ಉಬ್ಬಿತು. ತನ್ನ ಮಾತಿಗೆ ಇಷ್ಟು ತೂಕ ಐತೆ ಅಂತ ಅವನಿಗೇ ಗೊತ್ತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಪೊಲೀಸ್ ಪೇದೆ ಸತೀಶ್ ಕುಮಾರ್ ಅಂಗಡಿ ಮುಂದೆ ಬೈಕು ನಿಲ್ಲಿಸಿದಾಗ ಮಾತ್ರ ಅವನು ಉಬ್ಬಿದ ಎದೆಯನ್ನು ಒಂದು ಮಿಕ್ಸಿಯ ಹಿಂದಕ್ಕೆ ಬಗ್ಗಿಸಿದ.

“ತಿಮ್ಮೇಶಣ್ಣ, ಸಾಹೇಬ್ರು ಕೇಳ್ಕಂಡು ಬಾ ಅಂದ್ರು. ಗುಟ್ಟು ಮಾರೋ ಜಾಲ ಐತಂತಲ್ಲ?”

“ಜಾಲ ಅಂತ ನಾನು ಅನ್ನಲಿಲ್ಲ.”

“ಮತ್ತೇನಂದ್ರಿ?”

“ಒಳಗಿನೋರು ಅಂದೆ.”

“ಯಾವುದರ ಒಳಗೆ?”

ತಿಮ್ಮೇಶ್ ಅಷ್ಟು ದೂರ ಯೋಚಿಸಿರಲಿಲ್ಲ. “ಒಳಗೆ,” ಅಂದ, ಇನ್ನಷ್ಟು ಗಂಭೀರವಾಗಿ.

“ನಿಮಗೆ ಹೇಳಿದೋರು ಯಾರು?”

“ಮೂಲ ಬಿಟ್ಟುಕೊಡಾಕೆ ಬರಲ್ಲ ಸತೀಶಪ್ಪ. ನಾವು ರೇಡಿಯೋದೋರು.”

ಪೇದೆ ಹಲಗೆಯ ಮೇಲಿನ ಮಿಕ್ಸಿಗಳ ಸಾಲಿನ ಮೇಲೆ ಕಣ್ಣಾಡಿಸಿದ. “ಆ ಕೆಂಪಂದು ನಮ್ಮನೇದು. ಗಣಪತಿ ಹಬ್ಬಕ್ಕಿಂತ ಮುಂಚೆ ಕೊಟ್ಟಿದ್ದು. ಅದನ್ನೂ ಬಿಟ್ಟುಕೊಡಲ್ವಾ?”

ಆದರೆ ಗಾಳಿ ನಿಜವಾಗಿ ಬೀಸಿದ್ದು ಬೇರೆ ಕಡೆ. ಚಿತ್ತಪ್ಪನ ಮಗ ಕೆಂಚೇಶನಿಗೆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಸೊಸೆ ಚೈತ್ರಶ್ರೀ ಹೊನ್ನಾಳಿ ಕಡೆಯವಳು. ಅಷ್ಟೇ ಅಲ್ಲ, ಕೊಬ್ಬರಿ ಬಿಚ್ಚಿದ ಶರಣುವಿನ ಊರಿನವಳು. ಊರಿಗೆ ಇಷ್ಟು ಸಾಕಾಯಿತು. ಅವಳು ಫೋನಿನಲ್ಲಿ ತಾಯಿಯ ಮಂಡಿನೋವು ವಿಚಾರಿಸಿದರೆ ಪಕ್ಕದ ಮನೆಯವರು ಗೋಡೆಗೆ ಕಿವಿ ಹಚ್ಚಿ, ಮಂಡಿನೋವು ಅನ್ನುವುದು ಯಾವುದರ ಸಂಕೇತವೆಂದು ತರ್ಕ ಮಾಡಿದರು. ಕೊಟ್ಟಿಗೆಯ ಬೀಗದ ಕೈ ಮದುವೆಯಾದಾಗಿನಿಂದ ಅವಳ ಬಳಿಯೇ ಇತ್ತು. ಗಾದ್ರಮ್ಮ ಅದನ್ನು ಮಾತಿಲ್ಲದೆ ಈಸಿಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೆಂಚೇಶ್ ಹೆಂಡತಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ, ಆಮೇಲೆ ಮುಖಗಳಿಲ್ಲದ ಗದ್ದೆ ಕಡೆಗೆ ಹೊರಟುಹೋದ. ಗುರುವಾರ ಚಿತ್ತಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ, ಯಾರ ಕಡೆಗೂ ನೋಡದೆ ಹೇಳಿದ:

“ಸ್ವಲ್ಪ ದಿನ ತೌರಿಗೆ ಹೋಗಿ ಬಾರಮ್ಮ.”

ಎಷ್ಟು ದಿನ ಎಂದು ಅವನು ಹೇಳಲಿಲ್ಲ. ಹೇಳದಿದ್ದದ್ದರ ಅರ್ಥ ಚೈತ್ರಶ್ರೀಗೆ ಆಯಿತು.

ಆ ಸಂಜೆ ಗಂಗೋತ್ರಿ ತೌರುಮನೆಯಿಂದ ಬಂದವಳೇ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದಳು. ಮಾತಾಡುವ ಮುಂಚೆ ಷಟರು ಎಳೆದರೆ ಏನರ್ಥ ಎಂದು ತಿಮ್ಮೇಶನಿಗೆ ಗೊತ್ತಿತ್ತು. ಸ್ಕ್ರೂಡ್ರೈವರು ಕೈಗೆತ್ತಿಕೊಂಡು ಕೆಲಸ ಇರುವವನಂತೆ ಕಂಡ.

“ಆ ಹುಡುಗಿ ಮಾನ ಯಾಕ್ರಿ ತೆಗೆದ್ರಿ?”

“ನಾನು ಹೆಸರೇ ಹೇಳಿಲ್ಲ ಕಣೇ!”

“ಹೊಸದಾಗಿ ಬಂದಿರೋ ಗಾಳಿ ಅಂದ್ರಿ. ಆ ಮನೆಗೆ ಹೊಸದಾಗಿ ಬಂದಿರೋದು ಯಾರು, ಫ್ರಿಜ್ಜಾ?”

“ನಾನು ದಿಕ್ಕು ಅಂದೆ. ಹೊನ್ನಾಳಿ ಅನ್ನಲಿಲ್ಲ.”

“ಹಂಗಾರೆ ಯಾವ ದಿಕ್ಕು? ತೋರ್ಸ್ರಿ.”

ತಿಮ್ಮೇಶ್ ಸ್ಕ್ರೂಡ್ರೈವರಿನಿಂದ ಮೇಲಕ್ಕೆ ತೋರಿಸಿದ. ಅಲ್ಲಿ ಫ್ಯಾನು ಇತ್ತು. ಅದೂ ರಿಪೇರಿಗೆ ಬಂದದ್ದು.

“ಶನಿವಾರ ರೇಡಿಯೋದಾಗೆ ಒಂದೇ ಮಾತು ಹೇಳ್ರಿ,” ಎಂದಳು ಗಂಗೋತ್ರಿ. “ಯಾರು ಹೇಳಿದ್ರೋ ನಂಗೆ ಗೊತ್ತಿಲ್ಲ ಅಂತ.”

ತಿಮ್ಮೇಶ್ ಬೆಚ್ಚಿದ. ಗೊತ್ತಿಲ್ಲ! ಇಷ್ಟು ವರ್ಷದಲ್ಲಿ ಆ ಮೈಕು ಆ ಪದವನ್ನು ಅವನ ಬಾಯಿಂದ ಕೇಳಿರಲಿಲ್ಲ. ಹಾಗೆಂದರೆ ನಾಳೆಯಿಂದ ತ್ಯಾವಣಿಗೆಯವರು ಆಡಿಯೇ ಗೆದ್ದೆವೆಂದು ನಂಬುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು.

“ಗೊತ್ತಿಲ್ಲ ಅಂತ ಯಾಕೆ ಅನ್ಲಿ? ನಂಗೆ ಎಲ್ಲಾ ಮೊದಲೇ ಗೊತ್ತಿತ್ತು. ದಸರಾ ಹಬ್ಬದ ಪ್ರೋಗ್ರಾಂನಾಗೆ ಕಾರ್ಮುಗಿಲಿನ ಮೇಲೆ ಕಣ್ಣು ಬಿದ್ದೈತೆ, ಹುಷಾರು ಅಂದಿದ್ದೆ. ಅದನ್ನೇ ಮತ್ತೆ ಹಾಕಿಸ್ತೀನಿ. ಭಾವನ ಮನೆ ಅಂಗಳದಾಗೆ ಎಲ್ರೂ ಕೂತು ಕೇಳ್ಲಿ. ಯಾರ ಕಣ್ಣು ಬಿದ್ದಿತ್ತು ಅನ್ನೋದು ಅದರಾಗೇ ಗೊತ್ತಾಗ್ತೈತೆ. ನಿಮ್ಮ ಸೊಸೆ ಅಲ್ದಿದ್ರೆ ಅಲ್ಲ ಅಂತಾನೂ ಗೊತ್ತಾಗ್ತೈತೆ.”

ರೇಡಿಯೋ ಕೇಂದ್ರದಲ್ಲಿ ಸುಚಿತ್ರಾ ಅವನ ಮಾತು ಪೂರ್ತಿ ಕೇಳಿದಳು. ಆಮೇಲೆ ಕನ್ನಡಕ ತೆಗೆದು ಒರೆಸಿದಳು.

“ದಸರಾದ್ದೇ ಬೇಕಾ ಸಾರ್?”

“ಅದೇ ಬೇಕು.”

“ಗಣಪತಿ ಹಬ್ಬದ ವಾರದ್ದು ಚೆನ್ನಾಗೈತೆ ಸಾರ್. ಕ್ರಿಕೆಟ್ ಬಗ್ಗೆ ಮಾತಾಡಿದೀರಿ.”

“ಸುಚಿತ್ರಾ, ಸತ್ಯ ಮುಚ್ಚಿಡಾಕೆ ನೋಡ್ತಿದೀಯ ನೀನು. ನಿಂಗೂ ಹೊನ್ನಾಳಿ ಕಡೆ ನೆಂಟ್ರು ಅದಾರಾ?”

ಸುಚಿತ್ರಾ ಕನ್ನಡಕ ಹಾಕಿಕೊಂಡಳು. “ಹಾಕ್ತೀನಿ ಸಾರ್. ಒಂದಕ್ಷರನೂ ಕತ್ತರಿಸದೆ ಹಾಕ್ತೀನಿ.”

ಶನಿವಾರ ಸಂಜೆ ಚಿತ್ತಪ್ಪನ ಅಂಗಳದಲ್ಲಿ ಪುರಾಣ ಕೇಳಲು ಬಂದವರಂತೆ ಜನ ಸೇರಿದರು. ತುಳಸಿಕಟ್ಟೆಯ ಮೇಲೆ ರೇಡಿಯೋ. ಅದರ ಪಕ್ಕ ಗಾದ್ರಮ್ಮ, ಕೈಯಲ್ಲಿ ಜಪಮಣಿ. ಹಿಂದಿನ ಕಾಲದಲ್ಲಿ ಗಮಕಿಗಳು ಕಾವ್ಯ ಓದುವಾಗ ಕೇಳುಗರು ಕೂರುತ್ತಿದ್ದ ಹಾಗೆ ಕಣ್ಣು ಮುಚ್ಚಿ, ಕಿವಿ ತೆರೆದು ಕೂತಿದ್ದಳು. ಸತೀಶ್ ಕುಮಾರ್ ಸಾಹೇಬರ ಅಪ್ಪಣೆಯಂತೆ ಬಂದಿದ್ದ. ಅಜ್ಜಮ್ಮ ಯಾರ ಅಪ್ಪಣೆಯೂ ಇಲ್ಲದೆ ಬಂದಿದ್ದಳು, ಮಿರ್ಚಿಯ ಬುಟ್ಟಿ ಸಮೇತ. ಚೈತ್ರಶ್ರೀ ಬಾಗಿಲ ಬಳಿ ಬಟ್ಟೆಯ ಬ್ಯಾಗು ಕಾಲಿಗೆ ಒತ್ತಿಕೊಂಡು ನಿಂತಿದ್ದಳು. ಕೊನೆಯ ಬಸ್ಸಿಗೆ ಹೊರಟವಳು.

“ಕೂತ್ಕ ಬಾರವ್ವ,” ಎಂದಳು ಗಂಗೋತ್ರಿ.

“ಬ್ಯಾಡ ಅತ್ತೆ. ಕೇಳ್ಕಂಡು ಹೋಗ್ತೀನಿ. ನಾನೇನು ತಪ್ಪು ಮಾಡಿದೀನಿ ಅಂತ ನಂಗೂ ತಿಳೀಬೇಕಲ್ಲ.”

ತಿಮ್ಮೇಶ್ ಇಸ್ತ್ರಿ ಅಂಗಿ ಹಾಕಿ, ಮದುಮಗನ ಪಕ್ಕದ ಹಿರಿಯನಂತೆ ಚಿತ್ತಪ್ಪನ ಬಳಿ ಕೂತ. ರೇಡಿಯೋ ಗೊರಗೊರ ಎಂದು ಎಚ್ಚೆತ್ತು, “ನಮಸ್ಕಾರ, ಅಖಾಡದ ಮಾತು, ನಾನು ತಿಮ್ಮೇಶ್” ಎಂದಿತು.

“ಇದ್ಯಾರು?” ಎಂದ ತಿಮ್ಮೇಶ್.

“ನೀವೇ,” ಎಂದಳು ಗಂಗೋತ್ರಿ.

“ನನ್ನ ದನಿ ಇಷ್ಟು ಕೀರಲಾ?”

“ಇನ್ನೂ ಕೀರಲು. ರೇಡಿಯೋ ಸ್ವಲ್ಪ ಮೆತ್ತಗೆ ಮಾಡಿ ಕೊಡ್ತೈತೆ.”

ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಆ ದನಿ ಹಿಡಿಸತೊಡಗಿತು. ಕಬಡ್ಡಿಯ ಬಗ್ಗೆ ಅದು ಹೇಳಿದ ಪ್ರತಿ ಮಾತಿಗೂ ತಲೆದೂಗಿದ. ಒಂದು ಕಡೆ “ಭೇಷ್” ಅಂದೂ ಬಿಟ್ಟ. “ಕಾರ್ಮುಗಿಲಿನ ಮೇಲೆ ಕಣ್ಣು ಬಿದ್ದೈತೆ, ಹುಷಾರು!” ಎಂದು ರೇಡಿಯೋ ಗುಡುಗಿದಾಗ ಸುತ್ತ ನೋಡಿ, “ನೋಡಿದ್ರಾ? ಮೊದಲೇ ಹೇಳಿದ್ದೆ,” ಎಂದ. ಸತೀಶ್ ಕುಮಾರ್ ನೆಟ್ಟಗೆ ಕೂತ. ಚೈತ್ರಶ್ರೀಯ ಕೈ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

ಆಗ ರೇಡಿಯೋದೊಳಗೆ ಒಂದು ಫೋ‌ನು ಬಂತು.

“ಸಾರ್, ಬಿಳಿಚೋಡಿನಿಂದ ವಿನಯ್ ಕುಮಾರ್. ಮೊಬೈಲಿನಾಗೆ ಕೇಳ್ತಿದೀನಿ. ನಿಮ್ಮ ಕಾರ್ಮುಗಿಲು ಬರೀ ಹಾಯೋ ಪ್ರಾಣಿಯಂತೆ, ಬುದ್ಧಿ ಇಲ್ಲಂತೆ, ಹೌದಾ ಸಾರ್?”

“ಬುದ್ಧಿ ಇಲ್ಲಾ?” ರೇಡಿಯೋದ ತಿಮ್ಮೇಶನಿಗೆ ಸಿಟ್ಟು ಬಂತು. “ಯಾರ್ರಿ ಹೇಳಿದ್ದು ನಿಮಗೆ? ನೀವು ಹೋರಿ ಕಂಡಿದೀರೋ, ನಾನು ಕಂಡಿದೀನೋ? ಒಳಗಿನ ವಿಷಯ ನಂಗೆ ಗೊತ್ತೈತೆ, ಕೇಳ್ರಿ. ಅದು ಬಲಗಡೆಯಿಂದ ಬಂದೋರಿಗೆ ಯಮ. ಎಡಗಡೆಯಿಂದ ಮೆಲ್ಲಗೆ ನಡ್ಕಂಡು ಬಂದೋರಿಗೆ ಮಗು...”

ಅಂಗಳದ ತಿಮ್ಮೇಶ್ ತಲೆದೂಗುವುದನ್ನು ಅರ್ಧಕ್ಕೆ ನಿಲ್ಲಿಸಿದ.

“...ಓಡಬಾರದು, ಅಷ್ಟೇ. ನಡೀಬೇಕು. ನಮ್ಮ ಅತ್ತೆ ಗಾದ್ರಮ್ಮ ಕರು ಇದ್ದಾಗ ಎಡಗಡೆಯಿಂದ ಹಾಲು ಕುಡಿಸ್ತಿದ್ರು. ಅದಕ್ಕೇ ಎಡಗಡೆಯಿಂದ ಯಾರೇ ಬಂದ್ರೂ ಅಜ್ಜಿ ಅಂತ್ಲೇ ತಿಳ್ಕಣ್ತೈತೆ. ಕೊಬ್ಬರಿ ಬಿಚ್ಚಿದ್ರೂ ಸುಮ್ಮನೆ ನಿಂತ್ಕಣ್ತೈತೆ. ಕೈ ನೆಕ್ತೈತೆ ಕಣ್ರಿ, ಕೈ! ಇಂಥ ಬುದ್ಧಿ...”

ತಿಮ್ಮೇಶ್ ರೇಡಿಯೋದ ಕಿವಿ ಹಿಂಡಲು ಕೈ ಚಾಚಿದ. ಸತೀಶ್ ಕುಮಾರ್ ಆ ಕೈ ಹಿಡಿದ.

“ಮುಟ್ಟಬ್ಯಾಡ್ರಿ. ಮೂಲ ಮಾತಾಡ್ತಾ ಐತೆ.”

“...ಆದ್ರೆ ಇದು ಗುಟ್ಟು,” ಎಂದು ರೇಡಿಯೋ ದನಿ ತಗ್ಗಿಸಿತು. “ಆ ಮನೆಯೋರನ್ನ ಬಿಟ್ರೆ ಒಬ್ಬರಿಗೂ ಗೊತ್ತಿಲ್ಲ. ನಿಮ್ಮಲ್ಲೇ ಇರ್ಲಿ. ಮುಂದಿನ ಕರೆ.”

ಅಂಗಳದಲ್ಲಿ ಅಜ್ಜಮ್ಮನ ಬಾಯಲ್ಲಿದ್ದ ಮಿರ್ಚಿ ಮುರಿದ ಸದ್ದು ಕೇಳಿತು. ಕೊಟ್ಟಿಗೆಯೊಳಗೆ ಕಾರ್ಮುಗಿಲು ಒಮ್ಮೆ ಗುಟುರು ಹಾಕಿತು. ಅದಕ್ಕೂ ಎಲ್ಲ ಕೇಳಿಸಿರಬೇಕು.

ಚಿತ್ತಪ್ಪ ಬಾಯಿಯ ಎಲೆ ಅಡಿಕೆ ಉಗಿದು ಬಂದು, ತಂಗಿಯ ಗಂಡನ ಮುಂದೆ ನಿಂತ. ಹೊಡೆಯುತ್ತಾನೆಂದು ಎಲ್ಲರೂ ಅಂದುಕೊಂಡರು. ತಿಮ್ಮೇಶನೂ ಅಂದುಕೊಂಡು ಕಣ್ಣು ಮುಚ್ಚಿದ.

“ತಿಮ್ಮೇಶ,” ಎಂದ ಚಿತ್ತಪ್ಪ, “ನೀನು ಮೊದಲೇ ಹೇಳಿದ್ದೆ ಕಣಪ್ಪ.”

ಗಾದ್ರಮ್ಮ ಕಣ್ಣು ತೆರೆದಳು. ಸೆರಗಿನ ತುದಿಯ ಗಂಟು ಬಿಚ್ಚಲು ಹೋದಳು. ವಯಸ್ಸಾದ ಬೆರಳು, ಗಂಟು ಬಿಗಿ. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದೆಂದು ಎಲ್ಲರಿಗೂ ಅನ್ನಿಸಿತು. ಕೊನೆಗೂ ಬಿಚ್ಚಿ, ಬಾಗಿಲ ತನಕ ನಡೆದು, ಕೊಟ್ಟಿಗೆಯ ಬೀಗದ ಕೈಯನ್ನು ಮೊಮ್ಮಗನ ಹೆಂಡತಿಯ ಅಂಗೈಯಲ್ಲಿಟ್ಟಳು.

“ಬಸ್ಸಿಗೆ ಹೋಗಬ್ಯಾಡ ನನ್ನವ್ವ,” ಅಂದಳು. “ಕೇಳಬೇಕಾದ ಕಿವಿ ನಂದು, ನಾನೇ ಸರಿಯಾಗಿ ಕೇಳಲಿಲ್ಲ. ದಸರಾದಾಗೆ ಊರೆಲ್ಲ ಬನ್ನಿ ಮುಡಿಯಾಕೆ ಹೋಗಿತ್ತು, ಮನೇಲಿದ್ದೋಳು ನಾನೊಬ್ಬಳೇ. ಅವನು ಮಾತಾಡಾಕೆ ಶುರು ಮಾಡ್ತಲೇ ರೇಡಿಯೋ ಆರಿಸಿ ಜಪಕ್ಕೆ ಕೂತಿದ್ದೆ.”

ಚೈತ್ರಶ್ರೀ ಕೀಲಿ ತೆಗೆದುಕೊಂಡಳು. ಬ್ಯಾಗು ಮಾತ್ರ ಒಳಗಿಡಲಿಲ್ಲ.

“ಮಾವ,” ಎಂದಳು ತಿಮ್ಮೇಶನಿಗೆ. “ನನ್ನ ಮಾನ ರೇಡಿಯೋದಾಗೆ ಹೋತು. ರೇಡಿಯೋದಾಗೇ ವಾಪಸ್ ಬರಬೇಕು.”

“ನಾನು ಯಾರ ಹೆಸರೂ ತೆಗೆದಿರಲಿಲ್ಲ ತಾಯಿ...”

“ಅದಕ್ಕೇ ಈಗ ಒಂದು ಹೆಸರು ತೆಗೀರಿ. ನಿಮ್ದು.”

ಮುಂದಿನ ಶನಿವಾರ ನ್ಯಾಮತಿಯಲ್ಲಿ ರೇಡಿಯೋ ಹಾಕದ ಮನೆ ಇರಲಿಲ್ಲ. ತಿಮ್ಮೇಶ್ ಮೈಕಿನ ಮುಂದೆ ಮೊದಲ ಬಾರಿ ನೀರು ಕೇಳಿದ. ಕುಡಿದ. ಇನ್ನೊಂದು ಲೋಟ ಕೇಳಿದ. ಗಾಜಿನ ಆಚೆ ಸುಚಿತ್ರಾ ಅದನ್ನೂ ಪ್ರಸಾರ ಮಾಡಿದಳು. ಆಮೇಲೆ ಅವನು, ಗುಟ್ಟು ಬಿಟ್ಟುಕೊಟ್ಟವನು ತಿಮ್ಮೇಶ್ ಎಂದೂ, ಆ ಮನೆಯ ಸೊಸೆ ಚೈತ್ರಶ್ರೀ ಒಂದು ಮಾತೂ ಆಡಿದವಳಲ್ಲವೆಂದೂ, ಗಾಳಿ ಎಂದದ್ದು ಫ್ಯಾನಿನದೆಂದೂ ಹೇಳಿದ. ಅಷ್ಟರಲ್ಲಿ ಶರಣುವಿನ ಫೋನು ಬಂತು.

“ಸಾರ್, ನಾನು ಅವತ್ತೇ...”

“ಹೇಳಪ್ಪ,” ಎಂದ ತಿಮ್ಮೇಶ್, ಔಷಧಿ ಕುಡಿಯುವವನ ಮುಖ ಮಾಡಿ. “ಪೂರ್ತಿ ಹೇಳು.”

ಶರಣು ಪೂರ್ತಿ ಹೇಳಿದ. ಬಹಳ ಹೊತ್ತು ಹೇಳಿದ. ಅಂಥ ಗುರು ಸಿಕ್ಕಿದ್ದು ತನ್ನ ಪುಣ್ಯ ಎಂದೂ ಸೇರಿಸಿದ.

ಆ ಸಂಜೆ ಚೈತ್ರಶ್ರೀ ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದಳು. ಜೊತೆಗೆ ಮನೆಯವರಿಗೆ ಒಂದು ಷರತ್ತು ಹಾಕಿದಳು: ಇನ್ನು ಮುಂದೆ ಕಾರ್ಮುಗಿಲಿನ ಮೇವು, ನೀರು, ಓಟ ಎಲ್ಲ ತನ್ನದು, ಕೊಟ್ಟಿಗೆಯಲ್ಲಿ ತಾನೇನು ಮಾಡುತ್ತೇನೆಂದು ಯಾರೂ ಕೇಳಬಾರದು. ಚಿತ್ತಪ್ಪ ಕೇಳಲಿಲ್ಲ. ಕೆಂಚೇಶನಿಗೆ ಕೇಳುವ ಮುಖವಿರಲಿಲ್ಲ. ಕೊಟ್ಟಿಗೆಯ ಗೋಡೆಯೊಂದನ್ನು ಕೆಡವಿದ್ದಾಳಂತೆ, ಹೋರಿಯ ಗೂಟವನ್ನು ಆಗಾಗ ಬದಲಿಸುತ್ತಾಳಂತೆ, ಎಂದು ಊರು ಆಡಿಕೊಂಡಿತು. ನಿಜ ಏನೆಂದು ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗದೆ ಹೋದದ್ದು ತಿಮ್ಮೇಶನನ್ನು ಒಳಗೊಳಗೇ ಕೊರೆಯಿತು. ಮಿಕ್ಸಿಗಳೆಲ್ಲ ರಿಪೇರಿಯಾಗಿ ಮನೆ ಸೇರಿದವು. ಅಜ್ಜಮ್ಮನ ಚಟ್ನಿ ನುಣ್ಣಗಾಯಿತು. ಆದರೂ ಅವನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ದೀಪಾವಳಿ ಮತ್ತೆ ಹತ್ತಿರ ಬಂತು. ಒಂದು ಶನಿವಾರ ಮಧ್ಯಾಹ್ನ, ಹಾಗೇ ಸುಮ್ಮನೆ ಕ್ಷೇಮ ವಿಚಾರಿಸುವವನಂತೆ, ಭಾವನ ಮನೆಯ ಹಿತ್ತಿಲಿಗೆ ಹೋದ. ಕಾರ್ಮುಗಿಲು ಉದ್ದ ಹಗ್ಗದಲ್ಲಿ, ಬಯಲಲ್ಲಿ ನಿಂತಿತ್ತು. ಚೈತ್ರಶ್ರೀ ಬಾವಿಕಟ್ಟೆಯ ಬಳಿ ಬಕೆಟ್ಟು ತೊಳೆಯುತ್ತಿದ್ದಳು.

ಇಷ್ಟು ವರ್ಷ ಹತ್ತಿರ ಸುಳಿಯದ ಹೋರಿಯ ಬಳಿ ಹೋಗಲು ಅಂದು ಅವನಿಗೆ ಧೈರ್ಯ ಬಂತು. ಶಾಸ್ತ್ರ ಗೊತ್ತಿತ್ತಲ್ಲ. ಎಡಗಡೆಗೆ ಬಂದ. ಓಡಲಿಲ್ಲ, ಮೆಲ್ಲಗೆ ನಡೆದ. ಮೊಣಕೈ ಕಾಣುವಂತೆ ಅಂಗಿಯ ತೋಳು ಕೂಡ ಮೇಲಕ್ಕೆ ಮಡಚಿಕೊಂಡ.

ಕಾರ್ಮುಗಿಲು ತಲೆ ತಗ್ಗಿಸಿತು. ನೆಕ್ಕುವುದಕ್ಕೆ ತಗ್ಗಿಸಿದ ತಲೆಯಲ್ಲ ಅದು.

ಮುಂದಿನ ಗಳಿಗೆ ತಿಮ್ಮೇಶ್ ಹುಲ್ಲಿನ ಬಣವೆಯ ತುತ್ತತುದಿಯಲ್ಲಿದ್ದ. ಹೇಗೆ ಹತ್ತಿದನೆಂದು ಅವನಿಗೂ ತಿಳಿಯಲಿಲ್ಲ. ಚಪ್ಪಲಿ ಮಾತ್ರ ಕೆಳಗೆ ಹೋರಿಯ ವಶದಲ್ಲಿತ್ತು.

“ಚೈತ್ರಾ! ಹಗ್ಗ ಎಳ್ಕಳವ್ವ!”

“ಕೈ ಒದ್ದೆ ಐತೆ ಮಾವ.”

“ಎಡಗಡೆಯಿಂದಾನೇ ಬಂದೆ ಕಣವ್ವ ನಾನು!”

“ನೋಡಿದೆ.”

ಕಾರ್ಮುಗಿಲು ಬಣವೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎದುರಿಗೆ ಬಂದು ನಿಂತಿತು. ತಿಮ್ಮೇಶ್ ಹುಲ್ಲಿನೊಳಗೆ ಇನ್ನಷ್ಟು ಇಳಿದ.

“ಸಂಜೆ ಪ್ರೋಗ್ರಾಂ ಐತೆ ನಂಗೆ. ಇಳೀಬೇಕು. ಈಗ ಯಾವ ಕಡೆಯಿಂದ ಬಂದ್ರೆ ಸುಮ್ಮನಿರ್ತೈತೆ, ಅಷ್ಟು ಹೇಳಿಬಿಡು. ಎಡನಾ, ಬಲನಾ, ಹಿಂದ್ಲಿಂದನಾ? ನಂಗೊಬ್ಬನಿಗೇ ಹೇಳು. ನನ್ನಲ್ಲೇ ಇರ್ತೈತೆ, ದೇವರಾಣೆ.”

ಚೈತ್ರಶ್ರೀ ಬಕೆಟ್ಟು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. ಬಣವೆಯ ಮೇಲಿನ ಮಾವನನ್ನು ನೋಡಿದಳು, ಕೆಳಗಿನ ಹೋರಿಯನ್ನು ನೋಡಿದಳು.

“ಹೇಳಲ್ಲ,” ಎಂದಳು.